ಇಡ್ಲಿ ಹಿಟ್ಟಿನ ಮೇಲೊಂದು ಡೂಮ್ ಮೆಟಲ್: ನಮ್ಮ ಅಣಕು ಬ್ಯಾಂಡಿನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಇದನ್ನು ಓದುತ್ತಾರೆ. ಆ ಹೆಸರು ಇಟ್ಟಾಗ ನಮಗೆಲ್ಲ 21 ವರ್ಷ, ಅಷ್ಟು ಹೇಳಿದರೆ ಸಾಕು.

ನಾವು ನಾಲ್ಕು ಜನ. ಒಬ್ಬ ಗಿಟಾರು, ಒಬ್ಬ ಬೇಸು, ಒಬ್ಬ ಡ್ರಮ್ಸು, ನಾನು ಗಂಟಲು. ಗಾಯಕ ಅಂತ ಹೇಳಿಕೊಳ್ಳಲು ಸಂಕೋಚ, ಯಾಕಂದರೆ ನಾನು ಮಾಡುವುದು ಗ್ರೌಲಿಂಗ್. ಹೊಟ್ಟೆಯ ಆಳದಿಂದ ಎಮ್ಮೆ ಗುಟುರು ಹಾಕಿದ ಹಾಗೆ. ನುಡಿಸುವುದು ಅಪ್ಪಟ ಮೆಟಲ್, ಅಂದರೆ ಕಿವಿ ಗಡಚಿಕ್ಕುವ ಭಾರೀ ರಾಕ್ ಸಂಗೀತ. ಹಾಡಿನ ವಿಷಯ ಮಾತ್ರ ಇಡ್ಲಿ ಹಿಟ್ಟು, ಬಸ್ಸಿನ ಚಿಲ್ಲರೆ, ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೆ ಹೋಳಿಗೆ ಮುಗಿದುಹೋದ ಸಂಕಟ.

'ನಾವೂ ಇಂಥದ್ದೊಂದು ಬ್ಯಾಂಡ್ ಮಾಡಬೇಕು, ಹೇಗೆ ಶುರು ಮಾಡೋದು' ಅಂತ ಕಾಲೇಜು ಹುಡುಗರು ಆಗಾಗ ಕೇಳುತ್ತಾರೆ. ಪ್ರತಿಸಲ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ನಾವು ಮಾಡಿದ್ದು, ಕೆಡಿಸಿದ್ದು ಎರಡನ್ನೂ ಒಮ್ಮೆ ಬರೆದುಬಿಡೋಣ ಅಂತ. ಕೆಡಿಸಿದ್ದೇ ಜಾಸ್ತಿ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಿತ್ತು. ನಾವು ನಾಲ್ವರೂ ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಹೋಗಿದ್ದೆವು. ವಾಪಸ್ ಬರುವಾಗ ಯಾರ ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ, ಕೂಗಿ ಕೂಗಿ ಮಾತಾಡುತ್ತಾ ತರೀಕೆರೆ ದಾಟುವಷ್ಟರಲ್ಲಿ ಬ್ಯಾಂಡ್ ಕಟ್ಟುವುದು ಅಂತ ತೀರ್ಮಾನ ಆಗಿಹೋಗಿತ್ತು. ಗಿಟಾರಿನವನನ್ನು ಬಿಟ್ಟರೆ ಯಾರಿಗೂ ನೆಟ್ಟಗೆ ನುಡಿಸಲು ಬರುತ್ತಿರಲಿಲ್ಲ. ಹಾಗಾಗಿ ಕಾಮಿಡಿ ಬ್ಯಾಂಡ್ ಮಾಡೋಣ ಅಂದುಕೊಂಡೆವು. ತಮಾಷೆಗೆ ಅಲ್ವಾ, ಹೇಗೆ ನುಡಿಸಿದರೂ ನಡೆಯುತ್ತದೆ ಅನ್ನುವುದು ನಮ್ಮ ಲೆಕ್ಕ. ಇದಕ್ಕಿಂತ ದೊಡ್ಡ ತಪ್ಪು ಲೆಕ್ಕ ಇನ್ನೊಂದಿಲ್ಲ.

ಮರುವರ್ಷ ಕಾಲೇಜ್ ಡೇಯಲ್ಲಿ ಮೊದಲ ಸಲ ವೇದಿಕೆ ಹತ್ತಿದೆವು. ಒಂದು ಹಿಟ್ ಸಿನಿಮಾ ಹಾಡಿನ ಧಾಟಿಗೆ ಹಾಸ್ಟೆಲ್ ಮೆಸ್ಸಿನ ಸಾರಿನ ಬಗ್ಗೆ ಪದ ಕೂರಿಸಿದ್ದೆವು. ಮೊದಲ ಸಾಲಿಗೆ ಇಡೀ ಸಭಾಂಗಣ ನಕ್ಕಿತು. ಎರಡನೇ ಸಾಲಿಗೂ ನಕ್ಕಿತು. ಅದನ್ನು ನೋಡಿ ನಮಗೂ ನಗು ಬಂತು. ನಾನು ಹಾಡುವುದು ಬಿಟ್ಟು ನಗುತ್ತಿದ್ದೆ, ಡ್ರಮ್ಮರ್ ನನ್ನನ್ನು ನೋಡಿ ನಗುತ್ತಾ ತಾಳ ತಪ್ಪಿದ. ಪಲ್ಲವಿ ಮೂರನೇ ಸಲ ಬರುವಷ್ಟರಲ್ಲಿ ಕೆಳಗೆ ಯಾರೂ ನಗುತ್ತಿರಲಿಲ್ಲ. ನಾವು ಮಾತ್ರ ನಗುತ್ತಿದ್ದೆವು. ಕೆಳಗಿಳಿದಾಗ ಜೂನಿಯರ್ ಒಬ್ಬ ಬಂದು, 'ಅಣ್ಣಾ, ಶ್ರುತಿ ತಪ್ಪಿಸಿ ನುಡಿಸಿದ್ರಲ್ಲ, ಅದು ಸಖತ್ ಕಾಮಿಡಿ' ಅಂದ. ಅದು ಕಾಮಿಡಿ ಆಗಿರಲಿಲ್ಲ. ಗಿಟಾರು ನಿಜವಾಗಿಯೂ ಶ್ರುತಿ ತಪ್ಪಿತ್ತು.

ಆ ರಜೆಯಲ್ಲಿ ಸುಮ್ನೆ ಕೂತು ಸ್ಪೈನಲ್ ಟ್ಯಾಪ್ ನೋಡಿದೆವು. 1984ರಲ್ಲಿ ರಾಬ್ ರೈನರ್ ಮಾಡಿದ ಸಿನಿಮಾ. ಇಲ್ಲದ ಒಂದು ಬ್ರಿಟಿಷ್ ಹೆವಿ ಮೆಟಲ್ ಬ್ಯಾಂಡಿನ ಬಗ್ಗೆ ಸಾಕ್ಷ್ಯಚಿತ್ರದ ಹಾಗೆ ತೆಗೆದದ್ದು. ಎಲ್ಲರ ಆಂಪ್ಲಿಫೈಯರ್ 10ಕ್ಕೆ ನಿಂತರೆ ನಮ್ಮದು 11ಕ್ಕೆ ಹೋಗುತ್ತದೆ ಅನ್ನುವ ಗಿಟಾರಿಸ್ಟ್, ಒಬ್ಬರಾದ ಮೇಲೊಬ್ಬರು ವಿಚಿತ್ರವಾಗಿ ಸಾಯುವ ಡ್ರಮ್ಮರುಗಳು, 18 ಅಡಿ ಎತ್ತರ ಇರಬೇಕಾಗಿದ್ದ, ಇಂಗ್ಲೆಂಡಿನ ಪುರಾತನ ಸ್ಮಾರಕದ ನಕಲಾದ ಸ್ಟೋನ್‌ಹೆಂಜ್ ಕಲ್ಲು ಚೀಟಿಯಲ್ಲಿ ಅಡಿಯ ಬದಲು ಅಂಗುಲದ ಗುರುತು ಹಾಕಿದ್ದರಿಂದ 18 ಅಂಗುಲಕ್ಕೆ ಇಳಿದು ವೇದಿಕೆಗೆ ಬರುವುದು. ಇವೆಲ್ಲ ಅನೇಕರಿಗೆ ಗೊತ್ತಿರುವ ಜೋಕುಗಳೇ. ನಮ್ಮ ಬಾಯಿ ಮುಚ್ಚಿಸಿದ್ದು ಬೇರೆ ಸಂಗತಿ. ಕ್ರಿಸ್ಟೋಫರ್ ಗೆಸ್ಟ್, ಮೈಕಲ್ ಮೆಕೀನ್, ಹ್ಯಾರಿ ಶೀರರ್ ಮೂವರೂ ನಟರು, ಆದರೆ ಹಾಡುಗಳನ್ನು ಬರೆದದ್ದು, ಹಾಡಿದ್ದು, ನುಡಿಸಿದ್ದು ಅವರೇ. ಅದೂ ಚೆನ್ನಾಗಿ. ಪದಗಳನ್ನು ಕಿವಿಗೆ ಹಾಕಿಕೊಳ್ಳದೆ ಕೇಳಿದರೆ ಆ ಕಾಲದ ಯಾವುದೋ ನಿಜವಾದ ಬ್ಯಾಂಡಿನ ಆಲ್ಬಮ್ ಅನ್ನಿಸುತ್ತದೆ. ಸಿನಿಮಾ ಬಂದಾಗ ಇದು ನಿಜವಾದ ಬ್ಯಾಂಡ್ ಅಂತಲೇ ನಂಬಿದವರಿದ್ದರು. ಆಮೇಲೆ ಅವರು ನಿಜಕ್ಕೂ ಪ್ರವಾಸ ಮಾಡಿದರು, 1992ರಲ್ಲಿ ವೆಂಬ್ಲಿ ಸ್ಟೇಡಿಯಂನಲ್ಲಿ ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ನೆನಪಿನ ಕಾರ್ಯಕ್ರಮದಲ್ಲೂ ಹಾಡಿದರು. ಮತ್ತೆ ಗಮನಿಸಿ, ಇಡೀ ಸಿನಿಮಾದಲ್ಲಿ ಆ ಮೂವರು ತಮ್ಮ ಜೋಕಿಗೆ ಒಮ್ಮೆಯೂ ನಗುವುದಿಲ್ಲ. ತಮ್ಮ ಸಂಗೀತ ಜಗತ್ತಿನ ದೊಡ್ಡ ಸಂಗೀತ ಅಂತ ಅವರಿಗೆ ಪೂರ್ತಿ ನಂಬಿಕೆ.

ನಮ್ಮ ಡ್ರಮ್ಮರ್ ಆ ರಾತ್ರಿ ಹೇಳಿದ್ದು ಇಷ್ಟೇ: 'ಮಗಾ, ನಾವು ಮೊದಲು ನುಡಿಸೋದು ಕಲೀಬೇಕು.'

ಕಲಿತೆವು. ಒಂದೂವರೆ ವರ್ಷ ವೇದಿಕೆ ಹತ್ತಲಿಲ್ಲ. ಗಿಟಾರಿನವನ ಮನೆಯ ಹಿಂದಿನ ಅಡಿಕೆ ಚಪ್ಪರದ ಶೆಡ್ಡಿನಲ್ಲಿ ಟಕ್ ಟಕ್ ಅಂತ ತಾಳ ಕೊಡುವ ಮೆಟ್ರೊನೋಮ್ ಹಾಕಿಕೊಂಡು ವಾರಕ್ಕೆ ಮೂರು ದಿನ ಅಭ್ಯಾಸ. ಒಂದು ನಿಯಮ ಮಾಡಿಕೊಂಡೆವು. ಅಭ್ಯಾಸದಲ್ಲಿ ಯಾರು ನಕ್ಕರೂ ಎಲ್ಲರಿಗೂ ಟೀ ಕೊಡಿಸಬೇಕು. ಮೊದಲ ತಿಂಗಳು ನನ್ನ ಪಾಕೆಟ್ ಮನಿ ಪೂರ್ತಿ ಟೀ ಅಂಗಡಿಗೆ ಹೋಯಿತು. ನಾಲ್ಕನೇ ತಿಂಗಳಿಗೆ ಯಾರೂ ಟೀ ಕೊಡಿಸದಂತಾಯಿತು, ಹಾಡುಗಳು ನಮಗೇ ದುಃಖದ ಹಾಡುಗಳಾಗಿ ಕೇಳತೊಡಗಿದ್ದವು. ಅಷ್ಟರಮಟ್ಟಿಗೆ ಹದ ಬಂದಿದೆ ಅಂತ ಅರ್ಥ.

ಹಿಟ್ ಹಾಡುಗಳಿಗೆ ತಮಾಷೆಯ ಪದ ಕೂರಿಸಿ ಹಾಡುವ ಅಮೆರಿಕದ ವಿಯರ್ಡ್ ಆಲ್ ಯಾಂಕೊವಿಕ್‌ನನ್ನು ಆ ಹೊತ್ತಿನಲ್ಲಿ ತುಂಬ ಕೇಳಿದೆವು. ಆತನ ಶುರುವಿನ ಹಾಡುಗಳಲ್ಲೊಂದು ತುಂಬಿ ತುಳುಕುವ ಬಸ್ಸಿನ ಬಗ್ಗೆ. 1980ರಲ್ಲಿ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ಅದನ್ನು ಅಕಾರ್ಡಿಯನ್ ನುಡಿಸುತ್ತಾ ಹಾಡಿದಾಗ, ಆ ಅಕಾರ್ಡಿಯನ್ನಿನ ಪೆಟ್ಟಿಗೆಯನ್ನೇ ಬಡಿದು ತಾಳ ಕೊಟ್ಟವನು ಜಾನ್ ಶ್ವಾರ್ಟ್ಜ್. ಅವತ್ತಿನಿಂದ ಅವನೇ ಆತನ ಡ್ರಮ್ಮರ್. ಅಷ್ಟು ವರ್ಷ ಒಟ್ಟಿಗಿದ್ದು ಪಾಪ್, ರಾಕ್, ರ‍್ಯಾಪ್, ಪೋಲ್ಕಾ ಯಾವುದನ್ನು ಕೊಟ್ಟರೂ ಮೂಲದಂತೆಯೇ ನುಡಿಸುವ ಬ್ಯಾಂಡ್ ಅದು. 2014ರಲ್ಲಿ ಆತನ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಬಂತು. ಬರೀ ಪದ ತಿರುಚಿ ಅಲ್ಲಿಗೆ ಹೋಗಲು ಆಗುವುದಿಲ್ಲ.

ಇನ್ನು ಪದದ ವಿಷಯ. ಹೊಸಬರು ಎಡವುವುದು ಇಲ್ಲೇ. ಅವರು ಅರ್ಥದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಸದ್ದಿನಿಂದ. ನಮ್ಮಲ್ಲಿ ಇದನ್ನು ಟಿ.ಪಿ. ಕೈಲಾಸಂ ಯಾವತ್ತೋ ಮಾಡಿ ತೋರಿಸಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹಾಡುತ್ತಿದ್ದ ಟಿಪ್ಪರೆರಿ ಹಾಡಿದೆಯಲ್ಲ, ಅದು ಅವರ ಕೈಗೆ ಸಿಕ್ಕಿ ನಮ್ಮ ತಿಪ್ಪಾರಳ್ಳಿ ಆಯಿತು. ಐರ್ಲೆಂಡಿನ ಊರು ಒಂದೇ ಒಂದು ಸದ್ದಿನ ಜಾರುಬಂಡೆಯಲ್ಲಿ ಜಾರಿ ಮೈಸೂರು ಸೀಮೆಯ ಹಳ್ಳಿಯಾಗಿಬಿಟ್ಟಿತು. ಟಿಪ್ಪರೆರಿ, ತಿಪ್ಪಾರಳ್ಳಿ. ಬಾಯಲ್ಲಿ ಎರಡು ಸಲ ಹೇಳಿ ನೋಡಿ, ನಗು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ.

ಆದರೆ ಕನ್ನಡದಲ್ಲಿ ರಾಕ್ ಬರೆಯುವಾಗ ಒಂದು ತೊಂದರೆ ಇದೆ. ಇಂಗ್ಲಿಷಿನವರು ಸಾಲಿನ ಕೊನೆಯ ಪ್ರಾಸದಲ್ಲಿ ನಗಿಸುತ್ತಾರೆ, ಅಲ್ಲಿ ಪ್ರಾಸ ಸಿಗುವುದು ಕಷ್ಟ, ಸಿಕ್ಕಾಗ ಖುಷಿಯಾಗುತ್ತದೆ. ನಮ್ಮಲ್ಲಿ ಅಲ್ಲಿ, ಇಲ್ಲಿ, ಮನೆಯಲ್ಲಿ, ಕೊಡೆಯಲ್ಲಿ ಅಂತ ವಿಭಕ್ತಿ ಹಚ್ಚಿದರೆ ಎಲ್ಲವೂ ಪ್ರಾಸವೇ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ನಗುತ್ತಾರೆ? ಆರು ತಿಂಗಳು ಇದರ ಜೊತೆ ಗುದ್ದಾಡಿದೆವು. ದಾರಿ ಸಿಕ್ಕಿದ್ದು ಬೇಸಿನವನ ಅಜ್ಜನ ಮನೆಯಲ್ಲಿ.

ಶಿವಮೊಗ್ಗದ ಪಕ್ಕ ತುಂಗೆಯ ದಡದಲ್ಲಿ ಹೊಸಹಳ್ಳಿ ಅಂತ ಊರಿದೆ, ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆಗೆ ಹೆಸರಾದದ್ದು. 2022ರಲ್ಲಿ ಪದ್ಮಶ್ರೀ ಬಂದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರು. ಬೇಸಿನವನ ಅಜ್ಜ ಆ ಕಡೆಯ ಗಮಕ ಕೇಳುತ್ತಲೇ ಬೆಳೆದವರು, ಸಂಜೆ ಜಗುಲಿಯಲ್ಲಿ ಕೂತು ಕುಮಾರವ್ಯಾಸನನ್ನು ಗುನುಗುತ್ತಿದ್ದರು. ಒಂದು ದಿನ ಇವನು ಅಜ್ಜನ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕುತ್ತಾ ಇದ್ದವನು ಇದ್ದಕ್ಕಿದ್ದಂತೆ ಎದ್ದು ನನಗೆ ಫೋನ್ ಮಾಡಿದ. 'ಲೋ, ಭಾಮಿನಿ ಷಟ್ಪದಿ ಸೆವೆನ್ ಬೈ ಏಟ್ ಕಣೋ!'

ಹೌದು. ಭಾಮಿನಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಮೂರು ನಾಲ್ಕು ಕೂಡಿದರೆ ಏಳು. ಪ್ರೊಗ್ರೆಸಿವ್ ಮೆಟಲ್‌ನವರು ತಲೆ ಕೆಡಿಸಿಕೊಂಡು ನುಡಿಸುವ ಏಳರ ಲೆಕ್ಕ. ಭಾರತದ ಹತ್ತು ಪರ್ವಗಳ ಕಥೆಯನ್ನು ಕುಮಾರವ್ಯಾಸ ಇದೇ ಲೆಕ್ಕದಲ್ಲಿ ಹೇಳಿದ್ದಾನೆ. ಪ್ರಾಸವೂ ಸಾಲಿನ ಕೊನೆಗಲ್ಲ, ಶುರುವಿಗೆ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ಅಂದರೆ ರಿಫ್, ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ವರಸೆ, ಬಂದು ಬಡಿಯುವ ಜಾಗದಲ್ಲೇ ಪ್ರಾಸ. ಇದಕ್ಕಿಂತ ಒಳ್ಳೆಯ ಮೆಟಲ್ ಛಂದಸ್ಸು ಎಲ್ಲಿ ಸಿಗುತ್ತದೆ? ಎರಡನೇ ಅಕ್ಷರಕ್ಕೆ 'ಟ್ಟ' ಹಾಕಿ ಗಿಟಾರಿನ ತಂತಿಯನ್ನು ಅಂಗೈಯಲ್ಲಿ ಅದುಮಿ ಹೊಡೆದರೆ ಗೋಡೆಗೆ ಮೊಳೆ ಹೊಡೆದ ಹಾಗಿರುತ್ತದೆ. ಎರಡು ದಿನ ಕೂತು ಇದನ್ನು ಬರೆದೆವು:

ಹಿಟ್ಟು ಉಕ್ಕದೆ ಕುಳಿತು ಬಿಟ್ಟಿತು
ಕೊಟ್ಟ ಮಾತನು ಉದ್ದು ಮರೆಯಿತು
ಮುಟ್ಟಿ ನೋಡಿದೆ ಮತ್ತೆ ಮುಚ್ಚಿದೆ ಗಂಟೆ ಎಂಟಾಯ್ತೋ
ಬಟ್ಟಲೊಳಗಿನ ಚಟ್ನಿ ಅತ್ತಿತು
ಹೊಟ್ಟೆಯೊಳಗಡೆ ಯುದ್ಧವಾಯಿತು
ಕಟ್ಟಕಡೆಯಲಿ ತಿಂದೆ ನಿನ್ನೆಯ ಒಣಗಿದವಲಕ್ಕಿ

ಮಾತ್ರೆ ಎಣಿಸಿ ನೋಡಿ, ಸರಿಯಾಗಿದೆ. ಗಿಟಾರಿನವನು ಇದಕ್ಕೆ ಡೂಮ್ ಮೆಟಲ್ ನಡೆ ಹಾಕಿದ. ಡೂಮ್ ಅಂದರೆ ಮೆಟಲ್‌ನಲ್ಲೇ ಅತಿ ನಿಧಾನದ್ದು, ಸ್ಮಶಾನದಲ್ಲಿ ಹೆಣ ನಡೆದುಕೊಂಡು ಹೋದ ಹಾಗೆ. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಉಕ್ಕಲು ಕಾಯುವುದೂ ಅದೇ ವೇಗ. ವೇಗವೇ ಇಲ್ಲಿ ಜೋಕು. ಪದ ಕೇಳಿಸುವ ಮೊದಲೇ ಅರ್ಧ ಜೋಕು ಗಿಟಾರಿನಲ್ಲಿ ಮುಗಿದಿರಬೇಕು ಅನ್ನುವುದು ನಮ್ಮ ಅನುಭವ.

ಪದ ಕೇಳಿಸುವುದು ಅಂದೆನಲ್ಲ, ಅದೇ ಮುಂದಿನ ಪೇಚು. ನಾನು ಗ್ರೌಲ್ ಮಾಡಿದರೆ ಒಂದಕ್ಷರ ಯಾರಿಗೂ ತಿಳಿಯುವುದಿಲ್ಲ. ಸಾಮಾನ್ಯ ಮೆಟಲ್ ಬ್ಯಾಂಡಿಗೆ ಅದು ನಡೆಯುತ್ತದೆ, ನಮಗೆ ನಡೆಯುವುದಿಲ್ಲ, ಜೋಕು ಸತ್ತೇ ಹೋಗುತ್ತದೆ. ಸ್ಪಷ್ಟವಾಗಿ ಹಾಡೋಣ ಅಂದರೆ ಅದು ಮೆಟಲ್ ಅಲ್ಲ, ಸುಗಮ ಸಂಗೀತ ಆಗುತ್ತದೆ. ನಿರ್ವಾಣ ಬ್ಯಾಂಡಿನ ಹಾಡನ್ನು ಅಣಕಿಸಲು ವಿಯರ್ಡ್ ಆಲ್ ಅನುಮತಿ ಕೇಳಿದಾಗ ಅದರ ಗಾಯಕ ಕರ್ಟ್ ಕೊಬೇನ್, ಊಟ ತಿಂಡಿಯ ಬಗ್ಗೆ ಮಾಡುತ್ತೀಯಾ ಅಂತ ಕೇಳಿದನಂತೆ. ಇಲ್ಲ, ನಿನ್ನ ಪದ ಯಾರಿಗೂ ಅರ್ಥವಾಗುವುದಿಲ್ಲ ಅನ್ನುವುದರ ಬಗ್ಗೆಯೇ ಮಾಡುತ್ತೇನೆ ಅಂದನಂತೆ ಆಲ್. ಆ ಹಾಡು 1992ರಲ್ಲಿ ಬಂತು. ತೊಡಕನ್ನು ಮುಚ್ಚಿಡಬೇಡ, ಅದನ್ನೇ ಜೋಕು ಮಾಡು ಅನ್ನುವುದು ನಮಗೆ ಹೊಳೆದದ್ದು ಅಲ್ಲಿಂದ. ಉಳಿದದ್ದು ಮತ್ತೆ ಅದೇ ಜಗುಲಿಯಲ್ಲಿ ಸಿಕ್ಕಿತು. ಗಮಕದಲ್ಲಿ ಒಬ್ಬರು ಕಾವ್ಯ ಓದುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ವ್ಯಾಖ್ಯಾನ ಮಾಡುತ್ತಾರೆ. ನಮಗೂ ಒಬ್ಬ ವ್ಯಾಖ್ಯಾನಕಾರ ಬೇಕು, ಅಷ್ಟೇ!

ಅವತ್ತಿನಿಂದ ನಾನು ಒಂದು ಷಟ್ಪದಿ ಗುಟುರು ಹಾಕುತ್ತೇನೆ. ಗಿಟಾರು, ಡ್ರಮ್ಸು ಟಕ್ ಅಂತ ನಿಲ್ಲುತ್ತವೆ. ಬೇಸಿನವನು, ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಮೂಗಿನ ತುದಿಗೆ ಕನ್ನಡಕ, ಬೇಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೈಕಿನ ಹತ್ತಿರ ಬಾಗಿ ಶಾಂತವಾಗಿ ಶುರು ಮಾಡುತ್ತಾನೆ: 'ಕವಿ ಏನು ಹೇಳುತ್ತಿದ್ದಾನೆ? ಉದ್ದು ಮಾತು ಕೊಟ್ಟಿತ್ತಂತೆ. ಯಾರಿಗೆ ಕೊಟ್ಟಿತ್ತು? ಅಕ್ಕಿಗೆ. ಏನೆಂದು? ನೀನು ಎರಡು ಪಾಲು ಬಾ, ನಾನು ಒಂದೇ ಪಾಲು ಬರುತ್ತೇನೆ, ಆದರೆ ಬೆಳಗಾಗುವಷ್ಟರಲ್ಲಿ ನಿನ್ನನ್ನು ಎತ್ತಿ ಹಿಡಿಯುತ್ತೇನೆ ಎಂದು. ಎಂಥ ಸ್ನೇಹ! ಆದರೆ ಮಾರ್ಗಶಿರ ಮಾಸ ಬಂತು...' ಹೀಗೆ ಮೂರು ನಿಮಿಷ. ಆಮೇಲೆ ತಟ್ಟನೆ ಡ್ರಮ್ಸು, ಮತ್ತೆ ನನ್ನ ಗುಟುರು. ಇದನ್ನು ಮೊದಲ ಸಲ ಮಾಡಿದ್ದು ಶಿವಮೊಗ್ಗದ ಒಂದು ಗಣಪತಿ ಪೆಂಡಾಲಿನಲ್ಲಿ. ಮುಂದೆ ಕುರ್ಚಿಯಲ್ಲಿ ಹಿರಿಯರು, ಹಿಂದೆ ಕಪ್ಪು ಟೀಶರ್ಟಿನ ಹುಡುಗರು. ಎರಡೂ ಕಡೆ ನಕ್ಕರು, ಆದರೆ ಬೇರೆ ಬೇರೆ ಜಾಗದಲ್ಲಿ ನಕ್ಕರು. ಹುಡುಗರು ಡ್ರಮ್ಸು ನಿಂತ ಕ್ಷಣಕ್ಕೆ, ಹಿರಿಯರು 'ಎಂಥ ಸ್ನೇಹ' ಅಂದ ಕ್ಷಣಕ್ಕೆ.

ಕೆಳಗಿಳಿದಾಗ ಒಬ್ಬರು ಯಜಮಾನರು ಕೈಸನ್ನೆ ಮಾಡಿ ಕರೆದರು. ಗಮಕವನ್ನು ಗೇಲಿ ಮಾಡಿದಿರಿ ಅಂತ ಬೈಸಿಕೊಳ್ಳುವುದೇ ಅಂದುಕೊಂಡು ನಾನು ಬೇಸಿನವನನ್ನು ಮುಂದೆ ತಳ್ಳಿದೆ. ಅವರು ಅವನ ಶಾಲು ಸರಿಮಾಡುತ್ತಾ ಹೇಳಿದರು, 'ವ್ಯಾಖ್ಯಾನ ಉದ್ದ ಆಯ್ತಪ್ಪ. ಅರ್ಧ ಕಡಿಮೆ ಮಾಡು. ಓದೋರು ಕಾಯ್ತಾ ಕೂತಿರ್ತಾರೆ.' ಆಮೇಲೆ ನನ್ನ ಕಡೆ ತಿರುಗಿ, 'ನಿಂಗೆ ಕಷಾಯ ಕುಡಿಯೋ ಅಭ್ಯಾಸ ಇದ್ಯಾ' ಅಂತ ಕೇಳಿದರು. ಮೂರು ನಿಮಿಷ ಒಂದೂವರೆಗೆ ಇಳಿಯಿತು. ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಈಗ ಆ ಭಾಗ ಮೊದಲಿನ ಎರಡರಷ್ಟು ನಗು ತರುತ್ತದೆ. ಕಷಾಯವೂ ಶುರು ಮಾಡಿದೆ.

ಅಣಕು ಹಾಡಿನ ದೊಡ್ಡ ಶತ್ರು ಮೂರನೇ ಪಲ್ಲವಿ. ಒಮ್ಮೆ ಗೊತ್ತಾದ ಜೋಕು ಮತ್ತೆ ನಗಿಸುವುದಿಲ್ಲ, ಆದರೆ ಹಾಡಿಗೆ ಪಲ್ಲವಿ ಮರಳಿ ಬರಲೇಬೇಕು. ನಾವು ಕಂಡುಕೊಂಡದ್ದು, ಪಲ್ಲವಿಯ ಪದ ಬದಲಿಸಬೇಡಿ, ಚರಣದಲ್ಲಿ ಕಥೆ ಮುಂದೆ ಹೋಗಲಿ, ಆಗ ಅದೇ ಪಲ್ಲವಿಗೆ ಬೇರೆ ಅರ್ಥ ಬರುತ್ತದೆ. ನಮ್ಮ ಚಿಲ್ಲರೆ ಹಾಡನ್ನೇ ತೆಗೆದುಕೊಳ್ಳಿ. ಎಂಬತ್ತರ ದಶಕದ ಉದ್ದ ಕೂದಲಿನ ಬ್ಯಾಂಡುಗಳು ಹಾಡುತ್ತಿದ್ದ ವಿರಹದ ಪವರ್ ಬ್ಯಾಲಡ್ ಇರುತ್ತದಲ್ಲ, ಆ ಧಾಟಿ. ಪಲ್ಲವಿ ಒಂದೇ ಸಾಲು, 'ಇಳಿಯುವಾಗ ಕೇಳು ಅಂದೆಯಲ್ಲ.' ಮೊದಲ ಸಲ ಅದು ಬರೀ ವಿರಹ, ಯಾರೋ ಪ್ರೇಯಸಿ ಅಂದುಕೊಳ್ಳುತ್ತಾರೆ. ಎರಡನೇ ಸಲ ಬರುವಷ್ಟರಲ್ಲಿ ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಬರೆದ ಏಳು ರೂಪಾಯಿ ಬಂದಿರುತ್ತದೆ, ಇದು ಕಂಡಕ್ಟರ್ ಅಂತ ಗೊತ್ತಾಗಿ ಜನ ಬಿದ್ದು ಬಿದ್ದು ನಗುತ್ತಾರೆ. ಮೂರನೇ ಸಲ ಬಸ್ಸು ಹೊರಟುಹೋಗಿರುತ್ತದೆ, ಪ್ರಯಾಣಿಕ ನಿಲ್ದಾಣದಲ್ಲಿ ಚೀಟಿ ಹಿಡಿದು ನಿಂತಿರುತ್ತಾನೆ. ಅಲ್ಲಿ ಗಿಟಾರ್ ಸೋಲೋ. ಆಗ ಕೆಲವರು ನಿಜವಾಗಿಯೂ ಮೊಬೈಲ್ ದೀಪ ಹಚ್ಚಿ ಕೈ ಬೀಸುತ್ತಾರೆ. ಅದು ತಮಾಷೆಗೋ ನಿಜಕ್ಕೋ ಅಂತ ನನಗೆ ಇನ್ನೂ ತಿಳಿದಿಲ್ಲ, ಅವರಿಗೂ ತಿಳಿದಂತಿಲ್ಲ.

ಈ ಹಾಡು ಮಾತ್ರ ಸಾಯುತ್ತಿದೆ. ಹೋದ ವರ್ಷ ಒಂದು ಕಾಲೇಜಿನಲ್ಲಿ ಹಾಡಿದಾಗ ಹಿಂದಿನ ಸಾಲು ಮಂಕಾಗಿ ಕೂತಿತ್ತು. ಆಮೇಲೆ ವಿಚಾರಿಸಿದರೆ, ಅವರೆಲ್ಲ ಫೋನಿನಲ್ಲೇ ಸ್ಕ್ಯಾನ್ ಮಾಡಿ ದುಡ್ಡು ಕೊಡುವವರು, ಟಿಕೆಟ್ಟಿನ ಹಿಂದೆ ಯಾಕೆ ಬರೆಯುತ್ತಾರೆ ಅಂತಲೇ ಗೊತ್ತಿಲ್ಲ. ವ್ಯಾಖ್ಯಾನಕಾರನನ್ನು ಇದಕ್ಕೂ ಕೂರಿಸಬೇಕಾಗಬಹುದು.

ಹಕ್ಕಿನ ವಿಷಯ ಎಲ್ಲರೂ ಕೇಳುತ್ತಾರೆ, ಚುಟುಕಾಗಿ ಹೇಳುತ್ತೇನೆ. ಕಾಲೇಜಿನ ಆ ಮೊದಲ ಹಾಡನ್ನು ಅಂತರ್ಜಾಲಕ್ಕೆ ಏರಿಸಿದ್ದೆವು, ಎರಡೇ ದಿನದಲ್ಲಿ ತೆಗೆದುಹಾಕಿದರು. ಧಾಟಿ ಬೇರೆಯವರದ್ದು, ಮಾತಾಡುವ ಹಾಗಿಲ್ಲ. ಅಮೆರಿಕದಲ್ಲಿ ಅಣಕಕ್ಕೆ ಕಾನೂನಿನ ರಕ್ಷಣೆ ಇದೆ, 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ರ‍್ಯಾಪ್ ಗುಂಪಿನ ಅಣಕು ಹಾಡಿನ ಮೊಕದ್ದಮೆಯಲ್ಲಿ ಅದನ್ನು ಎತ್ತಿಹಿಡಿದಿದೆ. ಅಷ್ಟಾದರೂ ವಿಯರ್ಡ್ ಆಲ್ ಇವತ್ತಿಗೂ ಮೂಲ ಕಲಾವಿದರ ಒಪ್ಪಿಗೆ ಕೇಳುತ್ತಾನೆ. ಪಾಪ್ ಗಾಯಕ ಪ್ರಿನ್ಸ್ ಕೊನೆಯವರೆಗೂ ಒಪ್ಪಲಿಲ್ಲ, ಆಲ್ ಕೂಡ ಆತನ ಹಾಡನ್ನು ಅಣಕಿಸಲಿಲ್ಲ. ನಮ್ಮ 1957ರ ಕಾಯ್ದೆಯಲ್ಲಿ ವಿಮರ್ಶೆಗೆ ಅವಕಾಶ ಇದೆ, ಆದರೆ ಅಣಕ ಅನ್ನುವ ಪದವೇ ಇಲ್ಲ. ಹಾಗಾಗಿ ನಾವು ಧಾಟಿ ಕದಿಯುವುದು ಬಿಟ್ಟು ಶೈಲಿಯನ್ನು ಅಣಕಿಸುವುದಕ್ಕೆ ಬಂದೆವು. ಟ್ಯೂನು ನಮ್ಮದೇ, ಕೇಳಿದರೆ ಯಾವ ಜಾತಿಯ ಹಾಡು ಅಂತ ತಕ್ಷಣ ಗೊತ್ತಾಗಬೇಕು. ಅದೂ ಪೂರ್ತಿ ಸುರಕ್ಷಿತ ಅಲ್ಲ. ಬೀಟಲ್ಸ್ ಅಣಕವಾಗಿ 1978ರಲ್ಲಿ ಬಂದ ಟಿವಿ ಸಿನಿಮಾ ರಟಲ್ಸ್‌ಗೆ ಇಂಗ್ಲೆಂಡಿನ ಹಾಡುಗಾರ ನೀಲ್ ಇನ್ಸ್ ತಾನೇ ಕೂತು ಹೊಸ ಹಾಡು ಕಟ್ಟಿದ್ದ, ಅಷ್ಟು ಚೆನ್ನಾಗಿ ಕಟ್ಟಿದ್ದ ಅಂದರೆ ಬೀಟಲ್ಸ್ ಹಾಡುಗಳ ಹಕ್ಕು ಹೊಂದಿದ್ದ ಕಂಪನಿ ಅವನ ಮೇಲೇ ಬಿತ್ತು. ಅಚ್ಚುಕಟ್ಟಾಗಿ ಮಾಡಿದರೂ ಕಷ್ಟ. ಆದರೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ನೇ ಆ ಸಿನಿಮಾದಲ್ಲಿ ಬಂದು ಒಂದು ಚಿಕ್ಕ ಪಾತ್ರ ಮಾಡಿ ಹೋಗಿದ್ದಾನೆ, ಅದು ಬೇರೆ ಮಾತು.

ಒಂದು ಒರಳು ಕಲ್ಲಿನ ಕಥೆ ಹೇಳದಿದ್ದರೆ ನಮ್ಮ ಡ್ರಮ್ಮರಿಗೆ ಬೇಜಾರಾಗುತ್ತದೆ. ಸ್ಟೋನ್‌ಹೆಂಜ್ ನೆನಪಿಗೆ ಅಂತ ಥರ್ಮಾಕೋಲಿನಲ್ಲಿ ದೊಡ್ಡ ಒರಳು ಮಾಡಿಸಿದೆವು, ಹಿಟ್ಟಿನ ಹಾಡಿಗೆ ವೇದಿಕೆ ಮಧ್ಯದಲ್ಲಿ ಇಡಲು. ಅಳತೆ ತಪ್ಪಬಾರದು ಅಂತ ಅಡಿ ಅಂಗುಲ ಎರಡನ್ನೂ ಕೆಂಪು ಶಾಯಿಯಲ್ಲಿ ಬರೆದು, ಎದುರಿಗೆ ನಿಂತು ಮಾಡಿಸಿದ್ದು. ಅಳತೆ ಸರಿಯಾಗೇ ಬಂತು. ಸಭಾಂಗಣದ ಬಾಗಿಲನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಇಡೀ ಕಾರ್ಯಕ್ರಮದುದ್ದಕ್ಕೂ ಒರಳು ಹೊರಗೆ ಪಾರ್ಕಿಂಗಿನಲ್ಲಿ ನಿಂತಿತ್ತು, ಜನ ಅದರ ಜೊತೆ ಫೋಟೋ ತೆಗೆಸಿಕೊಂಡರು. ನಮ್ಮ ಜೊತೆ ಯಾರೂ ತೆಗೆಸಿಕೊಳ್ಳಲಿಲ್ಲ.

ಸದ್ಯಕ್ಕೆ ಕಾರ್ಯಕ್ರಮ ಒಪ್ಪಿಕೊಳ್ಳುತ್ತಿಲ್ಲ. ಬೇಸಿನವನಿಗೆ ಮಗು ಹುಟ್ಟಿದೆ, ಆರು ತಿಂಗಳು ಬರುವುದಿಲ್ಲ ಅಂದಿದ್ದಾನೆ. ಬದಲಿಗೆ ಒಬ್ಬ ವ್ಯಾಖ್ಯಾನಕಾರನನ್ನು ಹುಡುಕುತ್ತಿದ್ದೇವೆ. ಬೇಸ್ ಬಾರದಿದ್ದರೂ ಚಿಂತೆಯಿಲ್ಲ, ಕಲಿಸಿಕೊಡುತ್ತೇವೆ. ಪಂಚೆ, ಶಾಲು ನಮ್ಮದೇ. ಹೋದ ಭಾನುವಾರ ಶೆಡ್ಡಿಗೆ ಒಬ್ಬ ಹುಡುಗ ಬಂದಿದ್ದ, ಒಳ್ಳೆಯ ಕಂಠ, ಕನ್ನಡವೂ ಚೆನ್ನ. 'ಉದ್ದು ಮಾತು ಕೊಟ್ಟಿತ್ತಂತೆ' ಅನ್ನುವವರೆಗೆ ಗಂಭೀರವಾಗೇ ಹೇಳಿದ. 'ಯಾರಿಗೆ ಕೊಟ್ಟಿತ್ತು' ಅಂದವನೇ ಮುಖ ಮುಚ್ಚಿಕೊಂಡು ನಗಲು ಶುರು ಮಾಡಿದ. ಟೀ ಅವನೇ ಕೊಡಿಸಿದ.